ಗಂಟು ಕಂಡಲ್ಲೆಲ್ಲ ಕಳ್ಳನಿಲ್ಲ

ಮೊಟ್ಟೆಯ ಬಿಳಿಭಾಗವನ್ನು ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತ ಥರ್ಮಾಮೀಟರ್ ಇಟ್ಟು ನೋಡಿ. 61-62 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಮೊದಲು ಮಬ್ಬಾಗುತ್ತದೆ. ಆಗ ಬಿಚ್ಚಿಕೊಳ್ಳುವುದು ಓವೊಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್. ಬಿಳಿಭಾಗದಲ್ಲಿ ಅರ್ಧಕ್ಕಿಂತ ಹೆಚ್ಚಿರುವ ಓವಾಲ್ಬುಮಿನ್ ಗಟ್ಟಿಯಾಗಲು 80 ಡಿಗ್ರಿ ದಾಟಬೇಕು. ಆಮೇಲೆ ಎಷ್ಟೇ ತಣ್ಣಗೆ ಮಾಡಿದರೂ ಅದು ಮತ್ತೆ ಲೋಳೆಯಾಗುವುದಿಲ್ಲ. ಮಡಚಿಕೊಂಡಿದ್ದ ಸರಪಳಿ ಬಿಚ್ಚಿದಾಗ ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಎಣ್ಣೆಸ್ವಭಾವದ ಭಾಗಗಳು ಹೊರಬಿದ್ದು ಪಕ್ಕದ ಸರಪಳಿಯ ಅಂಥದೇ ಭಾಗಗಳಿಗೆ ಅಂಟಿಕೊಳ್ಳುತ್ತವೆ. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು, ಹೀಗೆ ಗಂಟು ಕಟ್ಟುತ್ತದೆ. ಆಲ್‌ಝೈಮರ್, ಪಾರ್ಕಿನ್ಸನ್, ಹಂಟಿಂಗ್ಟನ್, ಎಎಲ್‌ಎಸ್ ಎಂದು ನಾವು ಬೇರೆಬೇರೆ ಹೆಸರಿಟ್ಟು ಕರೆಯುವ ಮಿದುಳು-ನರಗಳ ಕಾಯಿಲೆಗಳ ಬುಡದಲ್ಲಿ ಇದೇ ಅಂಟುವ ಗುಣ ಇದೆ. ಒಲೆ ಮಾತ್ರ ಬೇಕಿಲ್ಲ. 37 ಡಿಗ್ರಿಯಲ್ಲಿ, ಹತ್ತಾರು ವರ್ಷಗಳ ಕಾಲ, ಸದ್ದಿಲ್ಲದೆ ಅದು ನಡೆಯುತ್ತದೆ.

ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಪ್ರೋಟೀನಿನ ಸರಪಳಿ ತನ್ನ ಆಕಾರವನ್ನು ತಾನೇ ಕಂಡುಕೊಳ್ಳಬಲ್ಲದು ಎಂದು ತೋರಿಸಿದ್ದಕ್ಕೆ ಕ್ರಿಶ್ಚಿಯನ್ ಆನ್‌ಫಿನ್ಸನ್ 1972ರ ನೊಬೆಲ್ ಹಂಚಿಕೊಂಡರು. ಅವರು ಬಳಸಿದ ರೈಬೊನ್ಯೂಕ್ಲಿಯೇಸ್ ಪುಟ್ಟ ಪ್ರೋಟೀನ್. ಪ್ರಯೋಗನಳಿಕೆಯಲ್ಲಿ ಬಿಚ್ಚಿಸಿದರೂ ಮತ್ತೆ ಸರಿಯಾಗಿ ಮಡಚಿಕೊಂಡಿತು. ಆದರೆ ಪ್ರಯೋಗನಳಿಕೆ ಬೇರೆ, ಜೀವಕೋಶ ಬೇರೆ. ಕೋಶದೊಳಗೆ ಪ್ರತಿ ಮಿಲಿಲೀಟರಿಗೆ 200-300 ಮಿಲಿಗ್ರಾಂ ಪ್ರೋಟೀನ್ ಕಿಕ್ಕಿರಿದಿರುತ್ತದೆ. ಅಂಥ ಜಂಗುಳಿಯ ನಡುವೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಸೆಕೆಂಡಿಗೆ ಐದಾರು ಅಮೈನೋ ಆಮ್ಲದಂತೆ ಸರಪಳಿಯನ್ನು ಹೊರಬಿಡುತ್ತದೆ. 400 ಅಮೈನೋ ಆಮ್ಲಗಳ ಸಾಧಾರಣ ಪ್ರೋಟೀನಿಗೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತೂ ಅದರ ಅರೆಬರೆ ಮೈ ಬಯಲಲ್ಲಿ. ಜೊತೆಗೆ ಸಾವಿರದಿಂದ ಹತ್ತು ಸಾವಿರ ಅಮೈನೋ ಆಮ್ಲಗಳಿಗೆ ಒಂದರಂತೆ ತಪ್ಪು ಜೋಡಣೆ ಆಗುತ್ತದೆ. ಯಾವ ರೋಗವೂ ಇಲ್ಲದ ಕೋಶದಲ್ಲೂ ಕೆಟ್ಟ ಪ್ರೋಟೀನ್ ಹುಟ್ಟುತ್ತಲೇ ಇರುತ್ತದೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪ್ರಶ್ನೆ ಇರುವುದು ಅದನ್ನು ಸಂಭಾಳಿಸುವ ಶಕ್ತಿಯಲ್ಲಿ.

ಮೊದಲ ಸಾಲಿನಲ್ಲಿ ನಿಲ್ಲುವವು ಶಾಪೆರಾನ್‌ಗಳು, ಅಂದರೆ ಬೇರೆ ಪ್ರೋಟೀನ್‌ಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುವ ಪ್ರೋಟೀನ್‌ಗಳು. ಎಚ್‌ಎಸ್‌ಪಿ70 ಎಂಬುದು ಬಯಲಿಗೆ ಬಿದ್ದ, ಏಳರಷ್ಟು ಅಮೈನೋ ಆಮ್ಲ ಉದ್ದದ ಎಣ್ಣೆಸ್ವಭಾವದ ತುಣುಕನ್ನು ಕಚ್ಚಿ ಹಿಡಿಯುತ್ತದೆ. ಎಚ್‌ಎಸ್‌ಪಿ40 ಗಿರಾಕಿ ಸರಪಳಿಯನ್ನು ತಂದು ಒಪ್ಪಿಸುತ್ತದೆ, ಕೋಶದ ಇಂಧನವಾದ ಎಟಿಪಿ ಒಡೆದಾಗ ಹಿಡಿತ ಬಿಗಿಯಾಗುತ್ತದೆ, ಹೊಸ ಎಟಿಪಿ ಬಂದು ಕೂತಾಗ ಸಡಿಲವಾಗುತ್ತದೆ. ಬಿಟ್ಟ ಕೂಡಲೇ ಸರಪಳಿ ಮಡಚಿಕೊಂಡರೆ ಸರಿ, ಇಲ್ಲವಾದರೆ ಮತ್ತೆ ಹಿಡಿ, ಮತ್ತೆ ಬಿಡು. ಆಕ್ಟಿನ್, ಟ್ಯೂಬುಲಿನ್‌ನಂಥ ಜಟಿಲ ಪ್ರೋಟೀನ್‌ಗಳಿಗೆ ಟ್ರಿಕ್ ಎಂಬ ಮುಚ್ಚಿದ ಕೋಣೆಯೇ ಬೇಕು. ಎಂಟೆಂಟು ಭಾಗಗಳ ಎರಡು ಬಳೆ ಸೇರಿ ಅದು ಆಗಿದೆ. ಈ ಕುಟುಂಬದ ಹೆಸರಿನಲ್ಲೇ (ಎಚ್‌ಎಸ್‌ಪಿ ಎಂದರೆ ಹೀಟ್ ಶಾಕ್ ಪ್ರೋಟೀನ್) ಬಿಸಿ ಸೇರಿಕೊಂಡಿರುವುದಕ್ಕೆ ಕಾರಣ ಇಟಲಿಯ ಫೆರುಚಿಯೊ ರಿಟೊಸ್ಸಾ. ಹಣ್ಣುನೊಣಗಳನ್ನು ಬಿಸಿಗೆ ಒಡ್ಡಿದಾಗ ಅವುಗಳ ಕ್ರೋಮೋಸೋಮಿನ ಕೆಲವು ಜಾಗ ಉಬ್ಬಿಕೊಳ್ಳುವುದನ್ನು ಅವರು 1962ರಲ್ಲಿ ವರದಿ ಮಾಡಿದರು. ಉಬ್ಬಿದ್ದೆಂದರೆ ಅಲ್ಲಿನ ಜೀನ್‌ಗಳು ದುಡಿಯತೊಡಗಿವೆ ಎಂದರ್ಥ. ಅಲ್ಲಿಂದ ತಯಾರಾಗುವವು ಈ ಶಾಪೆರಾನ್‌ಗಳೇ ಎಂದು ತಿಳಿಯಲು ಇನ್ನೂ ವರ್ಷಗಳು ಹಿಡಿದವು.

ಎಷ್ಟು ಸಲ ಹಿಡಿದು ಬಿಟ್ಟರೂ ಸರಿಯಾಗದ ಸರಪಳಿಯ ಗತಿ? ಎಚ್‌ಎಸ್‌ಪಿ70ರ ಬಾಲಕ್ಕೆ ಚಿಪ್ ಎಂಬ ಇನ್ನೊಂದು ಪ್ರೋಟೀನ್ ಬಂದು ಕೂರುತ್ತದೆ. ಅದೇ ಜಾಗಕ್ಕೆ ಮಡಚುವ ಕೆಲಸದ ಸಹಾಯಕರೂ ಪೈಪೋಟಿ ನಡೆಸುತ್ತಾರೆ. ಚಿಪ್ ಗೆದ್ದರೆ ಆ ಸರಪಳಿಗೆ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಗುರುತು ಬೀಳುತ್ತದೆ. ರಿಪೇರಿ ಮಾಡುವವನ ಕೈಯಲ್ಲೇ ಗುಜರಿಗೆ ಹಾಕುವ ಅಧಿಕಾರವೂ ಇದೆ ಎಂಬುದು ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುವ ಸಂಗತಿ.

ಗುರುತು ಹಾಕುವುದಕ್ಕೆ ಮೂರು ಕೈ, ಅಂದರೆ ಮೂರು ಬಗೆಯ ಕಿಣ್ವ ಬೇಕು. ಇ1 ಎಟಿಪಿ ಖರ್ಚು ಮಾಡಿ ಯುಬಿಕ್ವಿಟಿನನ್ನು ಎತ್ತಿಕೊಳ್ಳುತ್ತದೆ, ಇ2 ಅದನ್ನು ದಾಟಿಸಿಕೊಳ್ಳುತ್ತದೆ, ಇ3 ಯಾವ ಪ್ರೋಟೀನಿಗೆ ಹಚ್ಚಬೇಕೆಂದು ಆರಿಸುತ್ತದೆ. ಮನುಷ್ಯರಲ್ಲಿ ಇ1 ಎರಡೇ, ಇ2 ನಲವತ್ತರ ಹತ್ತಿರ, ಇ3 ಮಾತ್ರ 600ಕ್ಕೂ ಹೆಚ್ಚು. ಒಂದರ ಬೆನ್ನಿಗೆ ಒಂದು ಹಚ್ಚಿ ನಾಲ್ಕರಷ್ಟು ಉದ್ದದ ಸರ ಆದರೆ ಪ್ರೋಟೀನ್ ಕತ್ತರಿಸುವ ಯಂತ್ರವಾದ ಪ್ರೋಟಿಯಸೋಮಿಗೆ ಅದು ಒಳ್ಳೆಯ ರಹದಾರಿ. ಇದನ್ನು ಬಿಡಿಸಿದ ಸಿಕನೋವರ್, ಹರ್ಷ್ಕೊ, ರೋಸ್ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಪ್ರೋಟಿಯಸೋಮನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದೆ ಎಡವಟ್ಟಾಗುವುದು ಅದರ ಅಳತೆಯಿಂದಲೇ. ನಡುವಿನ ಪೀಪಾಯಿಯಲ್ಲಿ ಏಳೇಳು ಭಾಗಗಳ ನಾಲ್ಕು ಬಳೆ, ಒಟ್ಟು 28 ಭಾಗ. ಎತ್ತರ ಸುಮಾರು 15 ನ್ಯಾನೋಮೀಟರ್, ಅಗಲ 11. ಕತ್ತರಿಸುವ ಹಲ್ಲುಗಳು ಒಳಗಿನ ಎರಡು ಬಳೆಗಳಲ್ಲಿವೆ. ಮೂರು ಬಗೆಯವು, ಒಟ್ಟು ಆರು. ಒಳಹೋಗುವ ಕಂಡಿ ಮಾತ್ರ ಒಂದೂವರೆ ನ್ಯಾನೋಮೀಟರನ್ನೂ ಮುಟ್ಟುವುದಿಲ್ಲ. ಮಡಚಿದ ಪ್ರೋಟೀನ್ ಯಾವುದೂ ಅದರಲ್ಲಿ ತೂರದು. ಆದ್ದರಿಂದ ಮೇಲಿನ ಮುಚ್ಚಳದ ಆರು ಮೋಟಾರುಗಳು ಎಟಿಪಿ ಸುಡುತ್ತ ಸರಪಳಿಯ ಸಡಿಲ ತುದಿಯನ್ನು ಹಿಡಿದೆಳೆದು, ಬಿಚ್ಚುತ್ತ ಬಿಚ್ಚುತ್ತ ಒಳಗೆ ತುರುಕುತ್ತವೆ. ಬಾಗಿಲಲ್ಲೇ ಯುಬಿಕ್ವಿಟಿನ್ ಕತ್ತರಿಸಿ ವಾಪಸ್ ಕೊಡಲಾಗುತ್ತದೆ, ಅದು ಮರುಬಳಕೆಗೆ. ಆಚೆ ಬರುವುದು ಮೂರರಿಂದ ಇಪ್ಪತ್ತೈದು ಅಮೈನೋ ಆಮ್ಲ ಉದ್ದದ ಚೂರು.

ಈಗ ತೊಡಕು ಎಲ್ಲಿದೆ ಅಂತ ನೋಡಿ. ಸರಪಳಿ ಒಂಟಿಯಾಗಿದ್ದರೆ ಎಳೆಯಬಹುದು. ಹತ್ತಾರು ಸರಪಳಿಗಳು ಅಂಟಿಕೊಂಡಿದ್ದರೆ ಎಳೆಯಲು ಸಡಿಲ ತುದಿಯೇ ಸಿಗದು. ಇಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಪಾರ್ಕಿನ್ಸನ್‌ನ ಆಲ್ಫಾ-ಸಿನ್ಯೂಕ್ಲಿನ್, ಆಲ್‌ಝೈಮರ್‌ನ ಅಮಿಲಾಯ್ಡ್-ಬೀಟಾ, ಹಂಟಿಂಗ್ಟನ್‌ನ ಹಂಟಿಂಗ್ಟಿನ್ ಮೂರರದೂ ಸಣ್ಣ ಗುಂಪುಗಳು ಪ್ರೋಟಿಯಸೋಮಿನ ಮೈಗೆ ಅಂಟಿಕೊಂಡು ಅದರ ಬಾಗಿಲು ತೆರೆಯದಂತೆ ಹಿಡಿದಿಡುತ್ತವೆ ಎಂದು 2018ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಲಾಯಿತು. ಮೂರು ಬೇರೆ ಕಾಯಿಲೆ, ಮೂರು ಬೇರೆ ಪ್ರೋಟೀನ್, ಕಿತಾಪತಿ ಒಂದೇ.

ಪ್ರೋಟಿಯಸೋಮಿಗೆ ಒಗ್ಗದ್ದನ್ನು ಆಟೋಫ್ಯಾಜಿ, ಅಂದರೆ ಕೋಶ ತನ್ನದೇ ಕಸವನ್ನು ನುಂಗಿ ಜೀರ್ಣಿಸುವ ಏರ್ಪಾಡು, ವಹಿಸಿಕೊಳ್ಳುತ್ತದೆ. ಯುಬಿಕ್ವಿಟಿನ್ ಗುರುತಿರುವ ಗಂಟನ್ನು ಪಿ62ನಂಥ ಮಧ್ಯವರ್ತಿ ಹಿಡಿದು, ಎಲ್‌ಸಿ3 ಎಂಬ ಪ್ರೋಟೀನ್ ಹಚ್ಚಿಕೊಂಡ ಪೊರೆಗೆ ಜೋಡಿಸುತ್ತದೆ. ಪೊರೆ ಸುತ್ತ ಬೆಳೆದು ಮುಚ್ಚಿಕೊಂಡು, ಕೊನೆಗೆ ಪಿಎಚ್ 4.5-5ರ ಆಮ್ಲ ತುಂಬಿದ ಜೀರ್ಣಚೀಲವಾದ ಲೈಸೋಸೋಮಿನೊಂದಿಗೆ ಬೆರೆಯುತ್ತದೆ. ಯೊಶಿನೊರಿ ಒಸುಮಿ ಯೀಸ್ಟನ್ನು ಉಪವಾಸ ಕೆಡವಿ ಇದರ ಜೀನ್‌ಗಳನ್ನು ಹುಡುಕಿದರು. 2016ರ ನೊಬೆಲ್ ಅದಕ್ಕೆ.

ಒಸುಮಿಯ ಹೆಸರು ಹೇಳಿಕೊಂಡು ವಾಟ್ಸಾಪಿನಲ್ಲಿ ಓಡಾಡುವ, ಉಪವಾಸ ಮಾಡಿದರೆ ಮಿದುಳಿನ ಕಸ ತೊಳೆದುಹೋಗುತ್ತದೆ ಎಂಬ ಉಪದೇಶವನ್ನು ನಂಬುವ ಮೊದಲು ಒಂದು ಮಾತು. ಇಲಿಗಳನ್ನು ಉಪವಾಸವಿಟ್ಟು ಅಂಗಾಂಗಗಳಲ್ಲಿ ಎಲ್‌ಸಿ3ಯ ಚುಕ್ಕೆ ಎಣಿಸಿದ 2004ರ ಅಧ್ಯಯನದಲ್ಲಿ ಹೆಚ್ಚಿನ ಅಂಗಗಳಲ್ಲಿ ಆಟೋಫ್ಯಾಜಿ ಏರಿತು, ಮಿದುಳಿನಲ್ಲಿ ಏರಿದ್ದು ಕಾಣಲಿಲ್ಲ. ಉಪವಾಸ ಬಿದ್ದಾಗ ದೇಹ ಮಿದುಳಿಗೆ ಮೊದಲು ಬಡಿಸುತ್ತದೆ, ಅದು ಸಹಜವೇ. ಆಮೇಲಿನ ಕೆಲವು ಪ್ರಯೋಗಗಳು ಬೇರೆ ಫಲಿತಾಂಶ ಕೊಟ್ಟಿವೆ. ಹೀಗೆ ಅಲ್ಲಾಡುವ ಆಧಾರದ ಮೇಲೆ ಎಪ್ಪತ್ತೈದರ ಅಜ್ಜಿಗೆ ರಾತ್ರಿ ಊಟ ಬಿಡಿಸುವುದು ತಪ್ಪು. ಆ ವಯಸ್ಸಿನಲ್ಲಿ ತೂಕ ಇಳಿಯುವುದೇ ದೊಡ್ಡ ಅಪಾಯ.

ಈ ಎಲ್ಲ ಏರ್ಪಾಡು ಲಿವರ್ ಕೋಶದಲ್ಲೂ ಇದೆ, ಚರ್ಮದಲ್ಲೂ ಇದೆ. ಹಾಗಿದ್ದೂ ಏಟು ಬೀಳುವುದು ನರಕೋಶಕ್ಕೆ. ಒಂದು ಕಾರಣ, ಅದು ಒಡೆದು ಎರಡಾಗುವುದಿಲ್ಲ. ಒಡೆಯುವ ಕೋಶದಲ್ಲಿ ಕಸ ಇಬ್ಬರು ಮಕ್ಕಳಿಗೆ ಹಂಚಿಹೋಗಿ ತೆಳುವಾಗುತ್ತದೆ; ನರಕೋಶ ಹುಟ್ಟಿದಂದಿನ ಕಸವನ್ನೂ ತಾನೇ ಹೊರಬೇಕು. ಇನ್ನೊಂದು ಕಾರಣ ದೂರ. ಬೆನ್ನುಹುರಿಯಿಂದ ಪಾದದವರೆಗಿನ ನರತಂತು ಸುಮಾರು ಒಂದು ಮೀಟರ್. ಅದರ ತುದಿಯಲ್ಲಿ ಹುಟ್ಟುವ ಆಟೋಫ್ಯಾಜಿ ಚೀಲಗಳು ಡೈನೀನ್ ಎಂಬ ಮೋಟಾರಿನ ಬೆನ್ನೇರಿ ಕೋಶದ ಒಡಲಿನ ಕಡೆಗೆ ಸಾಗುತ್ತವೆ, ಹೆಚ್ಚಿನ ಲೈಸೋಸೋಮ್‌ಗಳು ಅಲ್ಲೇ ಇರುವುದರಿಂದ. ತಟ್ಟೆಯಲ್ಲಿ ಬೆಳೆಸಿದ ನರಕೋಶಗಳಲ್ಲಿ ಅಳೆದ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೈಕ್ರೋಮೀಟರ್. ಅದೇ ಲೆಕ್ಕ ಹಿಡಿದರೆ ಒಂದು ಮೀಟರಿಗೆ ಮೂರು ವಾರಕ್ಕೂ ಮೇಲೆ. ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಚೀಲಗಳು ಅಲ್ಲಲ್ಲೇ ಜಮೆಯಾಗುತ್ತವೆ. ಆಲ್‌ಝೈಮರ್ ಮಿದುಳಿನ ಊದಿಕೊಂಡ ನರತಂತುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ಅಂಥ ಅರೆ ಜೀರ್ಣವಾದ ಚೀಲಗಳ ರಾಶಿಯೇ.

ಈ ವ್ಯವಸ್ಥೆ ಕೈಕೊಟ್ಟರೆ ಸಾಕು, ಕೆಟ್ಟ ಜೀನ್ ಬೇಕಿಲ್ಲ ಎಂಬುದಕ್ಕೆ ಗಟ್ಟಿ ಸಾಕ್ಷಿ 2006ರಲ್ಲಿ ಜಪಾನಿನ ಎರಡು ತಂಡಗಳಿಂದ ಬಂತು. ಇಲಿಯ ನರಕೋಶಗಳಲ್ಲಿ ಮಾತ್ರ ಆಟೋಫ್ಯಾಜಿಗೆ ಬೇಕಾದ ಎಟಿಜಿ5 ಅಥವಾ ಎಟಿಜಿ7 ಜೀನನ್ನು ಅವರು ತೆಗೆದುಹಾಕಿದರು. ರೋಗ ತರುವ ಯಾವ ಪ್ರೋಟೀನನ್ನೂ ಸೇರಿಸಲಿಲ್ಲ. ಆದರೂ ಇಲಿಗಳ ನಡಿಗೆ ತಪ್ಪಿತು, ನರಕೋಶಗಳು ಸತ್ತವು, ಯುಬಿಕ್ವಿಟಿನ್ ಹಚ್ಚಿದ ಗಂಟುಗಳು ತುಂಬಿಕೊಂಡವು. ಕ್ಯಾನ್ಸರ್ ಔಷಧ ಬೊರ್ಟೆಜೊಮಿಬ್ ಇನ್ನೊಂದು ದಿಕ್ಕಿನಿಂದ ಅದನ್ನೇ ಸೂಚಿಸುತ್ತದೆ. ಅದು ಪ್ರೋಟಿಯಸೋಮನ್ನು ಬಂದ್ ಮಾಡಿ, ಹಗಲಿರುಳು ಪ್ರತಿಕಾಯ ತಯಾರಿಸುವ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳನ್ನು ಅವುಗಳದೇ ಕಸದಲ್ಲಿ ಉಸಿರುಗಟ್ಟಿಸುತ್ತದೆ. ಅದರ ಮುಖ್ಯ ಅಡ್ಡಪರಿಣಾಮ ಕೈಕಾಲುಗಳ ಜೋಮು ಮತ್ತು ಉರಿ, ಅಂದರೆ ನರಗಳಿಗೆ ಬಿದ್ದ ಪೆಟ್ಟು.

ಹಾಗಾದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಗಂಟೇ ಕೊಲೆಗಾರನೇ? ಆಲೋಯಿಸ್ ಆಲ್‌ಝೈಮರ್ 1906ರಲ್ಲಿ ಗಂಟುಗಳನ್ನು ವರ್ಣಿಸಿದಂದಿನಿಂದ ಹೆಚ್ಚಿನವರ ನಂಬಿಕೆ ಅದೇ ಆಗಿತ್ತು. 2004ರಲ್ಲಿ ಸ್ಟೀವನ್ ಫಿಂಕ್‌ಬೈನರ್ ತಂಡ ಯಂತ್ರದ ಸೂಕ್ಷ್ಮದರ್ಶಕವಿಟ್ಟು, ರೋಗದ ಹಂಟಿಂಗ್ಟಿನ್ ತುಂಬಿದ ಒಂದೊಂದೇ ನರಕೋಶವನ್ನು ದಿನಗಟ್ಟಲೆ ಹಿಂಬಾಲಿಸಿತು. ಗಂಟು ಕಟ್ಟಿಕೊಂಡ ಕೋಶಗಳೇ ಹೆಚ್ಚು ಕಾಲ ಬದುಕಿದವು. ಕೆಟ್ಟ ಪ್ರೋಟೀನ್ ಚೆದುರಿಕೊಂಡೇ ಇದ್ದ ಕೋಶಗಳು ಬೇಗ ಸತ್ತವು. ಅಂದರೆ ಅಲ್ಲಿ ಗಂಟು ಎಂಬುದು ಕೋಶ ಕಸವನ್ನು ಒಂದು ಮೂಲೆಗೆ ಗುಡಿಸಿಟ್ಟದ್ದು. ಹಾನಿ ಮಾಡುವವು ಅದಕ್ಕೂ ಮೊದಲಿನ, ಕಣ್ಣಿಗೆ ಬೀಳದ ಸಣ್ಣ ಗುಂಪುಗಳು. ಇದು ಎಲ್ಲ ಕಾಯಿಲೆಗೂ ಒಂದೇ ಸಮ ಅನ್ವಯಿಸದು. ಟಾವ್ ಎಂಬ ಪ್ರೋಟೀನಿನ ಗಂಟು ಹರಡಿದ ಜಾಗಕ್ಕೂ ಆಲ್‌ಝೈಮರ್ ಲಕ್ಷಣಗಳಿಗೂ ಒಳ್ಳೆಯ ತಾಳೆ ಇದೆ. ಆದರೂ ಗಂಟು ಕರಗಿಸಿದರೆ ಕಾಯಿಲೆ ವಾಸಿ ಎಂಬ ಲೆಕ್ಕ ಏಕೆ ಕೈಗೆ ಹತ್ತಲಿಲ್ಲ ಎಂಬುದು ಇದರಿಂದ ಅರ್ಥವಾಗುತ್ತದೆ. ಆಲ್‌ಝೈಮರ್ ಔಷಧ ಲೆಕಾನೆಮ್ಯಾಬ್ ಎರಡು ವಾರಕ್ಕೊಮ್ಮೆ ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ರಕ್ತನಾಳಕ್ಕೆ ಹನಿಸುವ ಪ್ರತಿಕಾಯ. ಅದು ಅಮಿಲಾಯ್ಡನ್ನು ಚೆನ್ನಾಗಿಯೇ ತೊಳೆಯಿತು. 18 ತಿಂಗಳಲ್ಲಿ ಕುಸಿತ ನಿಧಾನವಾದದ್ದು ಶೇ 27; 18 ಅಂಕಗಳ ಅಳತೆಪಟ್ಟಿಯಲ್ಲಿ ಅದು 0.45 ಅಂಕ. ಸುಮಾರು ಎಂಟರಲ್ಲಿ ಒಬ್ಬರಿಗೆ ಸ್ಕ್ಯಾನಿನಲ್ಲಿ ಮಿದುಳಿನ ಬಾವು ಕಂಡಿತು. ಪದೇ ಪದೇ ಎಂಆರ್‌ಐ ಬೇಕು, ಆರಂಭಕ್ಕೂ ಮುನ್ನ ಅಮಿಲಾಯ್ಡ್ ಇದೆಯೆಂದು ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿ ದ್ರವದಿಂದ ಖಾತ್ರಿಯಾಗಬೇಕು. ಮಡಿಕೇರಿಯಿಂದ ಮೈಸೂರಿಗೇ 120 ಕಿಲೋಮೀಟರ್. ಮಳೆಗಾಲದಲ್ಲಿ ಮುಪ್ಪಿನವರನ್ನು ಹದಿನೈದು ದಿನಕ್ಕೊಮ್ಮೆ ಕರೆದೊಯ್ಯುವ ಮನೆಯವರು ಆ 0.45 ಅಂಕವನ್ನು ಮೊದಲು ತೂಗಿ ನೋಡಬೇಕು.

ಕೊಡಗಿಗೆ ಹೆಚ್ಚು ಹತ್ತಿರದ ಕಾಯಿಲೆ ಎಂದರೆ ಪಾರ್ಕಿನ್ಸನ್. ಕಾಫಿಯ ಕಾರಣಕ್ಕೆ, ಕಳೆನಾಶಕದ ಕಾರಣಕ್ಕೆ.

ಇಲ್ಲಿ ಗಂಟು ಕಟ್ಟುವುದು 140 ಅಮೈನೋ ಆಮ್ಲಗಳ ಆಲ್ಫಾ-ಸಿನ್ಯೂಕ್ಲಿನ್. ಸಾಯುವುದು ನಡುಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿ ಚಲನೆಗೆ ಬೇಕಾದ ಡೋಪಮಿನ್ ತಯಾರಿಸುವ ಕೋಶಗಳು. ಅಂಥ ಒಂದೇ ಕೋಶ ಮನುಷ್ಯರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ಸಾಕುತ್ತದೆ ಎಂಬ ಅಂದಾಜಿದೆ. ಅಷ್ಟು ಕವಲಿಗೆ ಶಕ್ತಿ ಒದಗಿಸಲು ಮೈಟೊಕಾಂಡ್ರಿಯಾ ದಣಿವಿಲ್ಲದೆ ದುಡಿಯಬೇಕು, ಕೆಟ್ಟದ್ದನ್ನು ತಕ್ಷಣ ತೆಗೆಯಬೇಕು. ಪಿಂಕ್1 ಎಂಬ ಪ್ರೋಟೀನನ್ನು ಆರೋಗ್ಯವಂತ ಮೈಟೊಕಾಂಡ್ರಿಯಾ ಒಳಗೆಳೆದು ಚೂರು ಮಾಡುತ್ತಲೇ ಇರುತ್ತದೆ. ಮೈಟೊಕಾಂಡ್ರಿಯಾದ ವಿದ್ಯುತ್ ಒತ್ತಡ ಬಿದ್ದಾಗ ಎಳೆಯಲು ಆಗದೆ ಪಿಂಕ್1 ಹೊರಗೋಡೆಯಲ್ಲೇ ಉಳಿಯುತ್ತದೆ. ಪಾರ್ಕಿನ್ ಎಂಬ ಇ3ಯನ್ನು ಕರೆದು ಗೋಡೆಗೆಲ್ಲ ಯುಬಿಕ್ವಿಟಿನ್ ಬಳಿಸುತ್ತದೆ. ಆಟೋಫ್ಯಾಜಿ ಬಂದು ಇಡಿಯಾಗಿ ನುಂಗುತ್ತದೆ. ಈ ಎರಡು ಜೀನ್‌ಗಳಲ್ಲಿ ಯಾವುದರ ಎರಡೂ ಪ್ರತಿಗಳು ಕೆಟ್ಟರೂ ನಲವತ್ತು ದಾಟುವ ಮೊದಲೇ ಪಾರ್ಕಿನ್ಸನ್ ಬರಬಹುದು. ಇನ್ನು ಜಿಬಿಎ ಜೀನ್ ಲೈಸೋಸೋಮಿನ ಒಂದು ಕಿಣ್ವದ್ದು. ಅದರ ಒಂದು ಪ್ರತಿ ಕೆಟ್ಟಿದ್ದರೂ ಅಪಾಯ ಏರುತ್ತದೆ. ಒಟ್ಟಿನಲ್ಲಿ ಪಾರ್ಕಿನ್ಸನ್ ಜೀನ್‌ಗಳ ಪಟ್ಟಿ ತೆಗೆದರೆ ಕಸ ವಿಲೇವಾರಿಯ ಹಾಜರಿ ಪುಸ್ತಕ ತೆಗೆದಂತೆ.

ರೊಟೆನೋನ್ ಎಂಬ ಕೀಟನಾಶಕ ಮೈಟೊಕಾಂಡ್ರಿಯಾದಲ್ಲಿ ಶಕ್ತಿ ತಯಾರಿಸುವ ಸಾಲಿನ ಮೊದಲ ಘಟಕವನ್ನೇ ಅಡ್ಡಗಟ್ಟುತ್ತದೆ. ಪ್ಯಾರಾಕ್ವಾಟ್ ಕಳೆನಾಶಕ ಕೋಶದೊಳಗೆ ಸೂಪರ್‌ಆಕ್ಸೈಡನ್ನು ಹುಟ್ಟಿಸುತ್ತಲೇ ಇರುತ್ತದೆ, ಅದು ಪ್ರೋಟೀನ್‌ಗಳನ್ನು ಕೆಡಿಸುತ್ತದೆ. ಅಮೆರಿಕದ ಕೃಷಿ ಕೆಲಸಗಾರರಲ್ಲಿ ನಡೆದ 2011ರ ಅಧ್ಯಯನದಲ್ಲಿ ಇವೆರಡರಲ್ಲಿ ಯಾವುದನ್ನು ಬಳಸಿದವರಲ್ಲೂ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ನಂಟು ಇದೆ ಎಂದಷ್ಟೇ ಅದು ಹೇಳುತ್ತದೆ, ಸ್ಪ್ರೇ ಮಾಡಿದವರಿಗೆಲ್ಲ ಬಂದೇ ಬರುತ್ತದೆ ಎಂದಲ್ಲ. ಆದರೂ ತೋಟದಲ್ಲಿ ಕಳೆಗೆ ಹೊಡೆಯುವವರಿಗೆ ಕೈಗವಸು, ಗಮ್‌ಬೂಟು, ಮುಖಗವಸು ಕೊಡುವುದು ಧರ್ಮಕ್ಕೆ ಬಿಟ್ಟ ವಿಷಯ ಆಗಬಾರದು. ಮೈಗೆ ಹೆಚ್ಚು ತಾಗುವುದು ಗಟ್ಟಿ ಔಷಧವನ್ನು ಡಬ್ಬದಿಂದ ಅಳೆದು ಕಲಸುವಾಗ, ಆಮೇಲೆ ಸೋರುವ ಪಂಪು ಬೆನ್ನು ನೆನೆಸುವಾಗ. ವಾಷರ್ ಬದಲಿಸಲು ಹೆಚ್ಚು ಖರ್ಚಿಲ್ಲ. ಸಾಧ್ಯವಿದ್ದಲ್ಲಿ ಕತ್ತಿ ಅಥವಾ ಬ್ರಷ್‌ಕಟರ್‌ನಿಂದ ಕಳೆ ತೆಗೆಯುವುದು ಇನ್ನೂ ಒಳ್ಳೆಯದು.

ಕಾಫಿಯ ಕಥೆ ಹಿತಕರ, ಆದರೆ ಅರ್ಧ. ಹೊನೊಲುಲುವಿನಲ್ಲಿ ಎಂಟು ಸಾವಿರ ಗಂಡಸರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಎದ್ದು ಕಾಣುವಷ್ಟು ಕಡಿಮೆ. ಕೆಫೀನ್ ಮಿದುಳಿನ ಕೋಶಗಳ ಅಡೆನೊಸಿನ್ ಎ2ಎ ಎಂಬ ಗ್ರಾಹಕವನ್ನು ತಡೆಯುತ್ತದೆ, ಅದೇ ದಾರಿ ಹಿಡಿದ ಇಸ್ಟ್ರಡೆಫಿಲಿನ್ ಎಂಬ ಪಾರ್ಕಿನ್ಸನ್ ಮಾತ್ರೆಗೆ ಅಮೆರಿಕದಲ್ಲಿ 2019ರಲ್ಲಿ ಪರವಾನಗಿ ಸಿಕ್ಕಿತು. ಆದರೆ ಕಾಯಿಲೆ ಬಂದವರಿಗೆ ಕೆಫೀನ್ ಮಾತ್ರೆ ಕೊಟ್ಟ 2017ರ ಪರೀಕ್ಷೆಯಲ್ಲಿ ನಡುಕ, ಬಿಗಿತ ಸುಧಾರಿಸಲಿಲ್ಲ. ಕುಡಿಯುವವರು ಕುಡಿಯಿರಿ. ಔಷಧ ಅಂತ ಕುಡಿಯಬೇಡಿ.

ನಡುಕ ಕಾಣಿಸುವ ಹೊತ್ತಿಗೆ ನೈಗ್ರಾದ ಆ ಕೋಶಗಳಲ್ಲಿ ಅರ್ಧದಷ್ಟು ಹೋಗಿಯೇ ಇರುತ್ತವೆ. ಬಹಳ ಮಂದಿಯಲ್ಲಿ ಸಿನ್ಯೂಕ್ಲಿನ್ ಗಂಟು ಮೊದಲು ಕಾಣುವುದು ವಾಸನೆಯ ನರಭಾಗದಲ್ಲಿ ಮತ್ತು ಕರುಳಿಗೆ ಹೋಗುವ ವೇಗಸ್ ನರದ ಬುಡದಲ್ಲಿ. ಹೂಮಳೆ ಬಿದ್ದು ಕಾಫಿ ಅರಳಿ ಇಡೀ ತೋಟ ಬೆಳ್ಳಗಾಗಿ ಘಮ್ಮೆನ್ನುವಾಗ ಮನೆಯ ಹಿರಿಯರಿಗೆ ಏನೂ ವಾಸನೆ ಬರುತ್ತಿಲ್ಲ ಎಂದರೆ, ಜೊತೆಗೆ ವರ್ಷಗಳ ಮಲಬದ್ಧತೆಯೂ ಇದ್ದರೆ, ರಾತ್ರಿ ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದೂ ಇದ್ದರೆ, ಆ ಮೂರನ್ನೂ ಒಟ್ಟಿಗೆ ವೈದ್ಯರಿಗೆ ಹೇಳಬೇಕು. ಶೀತದಿಂದಲೂ ಕೋವಿಡ್‌ನಿಂದಲೂ ವಾಸನೆ ಹೋಗುತ್ತದೆ, ಅದೊಂದೇ ಲಕ್ಷಣದಿಂದ ಗಾಬರಿ ಬೇಡ.

ಈಗಿನ ಮುಖ್ಯ ಔಷಧ ಲೆವೊಡೋಪಾ ಕಸದ ತಂಟೆಗೆ ಹೋಗುವುದಿಲ್ಲ, ಕಡಿಮೆಯಾದ ಡೋಪಮಿನನ್ನು ತುಂಬಿಕೊಡುತ್ತದೆ ಅಷ್ಟೇ. ಅದನ್ನು ತೆಗೆದುಕೊಳ್ಳುವ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಹೆಚ್ಚು. ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾ ಹತ್ತುವ ಬಂಡಿಗೇ ಮಾಂಸದಿಂದ ಬರುವ ಅಮೈನೋ ಆಮ್ಲಗಳೂ ಹತ್ತುತ್ತವೆ. ಕಡಂಬುಟ್ಟು-ಪಂದಿಕರಿ ಗಡದ್ದಾಗಿ ಉಂಡು ಮೇಲೆ ಮಾತ್ರೆ ನುಂಗಿದರೆ ಮಾತ್ರೆಗೆ ಸೀಟಿಲ್ಲ. ಮಧ್ಯಾಹ್ನ ಕಾಲು ನೆಲಕ್ಕಂಟಿಕೊಂಡಂತೆ ನಿಂತುಬಿಡುತ್ತಾರೆ, ಮನೆಯವರು ಕಾಯಿಲೆ ಜೋರಾಯಿತೆಂದು ಡೋಸ್ ಏರಿಸಲು ಓಡುತ್ತಾರೆ. ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆ ಕಳೆದ ಮೇಲೆ ನುಂಗಬೇಕು. ಹೊಟ್ಟೆ ತೊಳಸಿದರೆ ಜೊತೆಗೆ ಅಕ್ಕಿರೊಟ್ಟಿಯ ತುಣುಕು ಸಾಕು. ಹಗಲಿಗೆ ಮಾಂಸ ಕಡಿಮೆ ಮಾಡಿ ರಾತ್ರಿಗೆ ಇಟ್ಟುಕೊಂಡರೆ ಹಲವರಿಗೆ ಹಗಲಿನ ಓಡಾಟ ಸಲೀಸಾಗುತ್ತದೆ. ಮಾಂಸ ಪೂರ್ತಿ ಬಿಡಿಸಿ ಸೊರಗಿಸಬೇಡಿ. ಕಬ್ಬಿಣಾಂಶದ ಮಾತ್ರೆ ಇದ್ದರೆ ಎರಡು ಗಂಟೆ ಅಂತರ ಇರಲಿ. ನಸುಗುನ್ನಿ ಬೀಜದಲ್ಲಿ ನಿಜಕ್ಕೂ ಲೆವೊಡೋಪಾ ಇದೆ, ಬೀಜದ ತೂಕದ ಶೇ 5ರ ಆಸುಪಾಸು, ಆದರೆ ಬಳ್ಳಿಯಿಂದ ಬಳ್ಳಿಗೆ ಅಳತೆ ಬೇರೆ. ವೈದ್ಯರಿಗೆ ತಿಳಿಸದೆ ಪುಡಿಯನ್ನೂ ಮಾತ್ರೆಯನ್ನೂ ಸೇರಿಸಿದರೆ ಒಂದು ದಿನ ಕಡಿಮೆ, ಮರುದಿನ ವಿಪರೀತ.

ಮರೆವಿನ ವಿಷಯದಲ್ಲಿ ಅರವತ್ತಕ್ಕೆ ಅರಳು ಮರಳು ಎಂದು ಕೈಚೆಲ್ಲುವ ಮುನ್ನ ಮಡಿಕೇರಿ, ವಿರಾಜಪೇಟೆ, ಕುಶಾಲನಗರದಲ್ಲೇ ಮುಗಿಸಬಹುದಾದ ರಕ್ತಪರೀಕ್ಷೆಗಳಿವೆ: ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ. ಬಿದ್ದು ತಲೆಗೆ ಪೆಟ್ಟಾಗಿ ವಾರಗಳ ಮೇಲೆ ಮಂಕು ಕವಿದಿದ್ದರೆ ಸಿಟಿ ಸ್ಕ್ಯಾನ್, ಏಕೆಂದರೆ ಮಿದುಳಿನ ಮೇಲೆ ನಿಧಾನವಾಗಿ ಕೂಡಿದ ರಕ್ತವನ್ನು ತೆಗೆಯಬಹುದು. ಇವು ಪ್ರೋಟೀನ್ ಗಂಟಿನ ಕಾಯಿಲೆಗಳೇ ಅಲ್ಲ, ಚಿಕಿತ್ಸೆಗೆ ಬಗ್ಗುವಂಥವು.

ನರರೋಗ ತಜ್ಞರ ಬಳಿ ಹೋಗುವಾಗ ವಂಶಾವಳಿಯ ಒಂದು ಹಾಳೆ ಬರೆದೊಯ್ಯಿರಿ. ಒಕ್ಕದ (ಕೊಡವ ಮನೆತನದ) ಲೆಕ್ಕ ತಪ್ಪಿಲ್ಲದೆ ಹೇಳುವವರು ಕೊಡಗಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಕ್ಕ ಹಿಡಿಯುವುದು ತಂದೆಯ ಕಡೆಯನ್ನು. ಜೀನ್ ತಾಯಿಯ ತವರಿನಿಂದಲೂ ಅಷ್ಟೇ ಬರುತ್ತದೆ, ಆ ಕಡೆಯ ಅಜ್ಜ-ಅಜ್ಜಿ, ಮಾವಂದಿರು, ಚಿಕ್ಕಮ್ಮಂದಿರ ಹೆಸರಿನ ಮುಂದೆಯೂ ಯಾವ ವಯಸ್ಸಿಗೆ ನಡುಕ, ಮರೆವು ಅಥವಾ ಕೈಕಾಲಿನ ಅಂಕೆ ತಪ್ಪಿದ ಕುಣಿತ ಶುರುವಾಯಿತೆಂದು ಬರೆಯಬೇಕು. ಕೊನೆಯದು ಇದ್ದರೆ ವೈದ್ಯರು ಹಂಟಿಂಗ್ಟನ್ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸಲು ಹೇಳಬಹುದು. 40 ಅಥವಾ ಹೆಚ್ಚಿದ್ದರೆ ಕಾಯಿಲೆ ಬರುತ್ತದೆ, 36ರಿಂದ 39 ಇದ್ದರೆ ಬರಬಹುದು, ಬಾರದೆಯೂ ಇರಬಹುದು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಆ ಎಣಿಕೆ ತಂದೆಯಿಂದ ಇಳಿಯುವಾಗ ಉದ್ದವಾಗುವುದು ಹೆಚ್ಚು, ಉದ್ದವಾದಷ್ಟೂ ಕಾಯಿಲೆ ಬೇಗ ಶುರುವಾಗುತ್ತದೆ. ಲಕ್ಷಣವಿಲ್ಲದ ಮಕ್ಕಳಿಗೆ ಹದಿನೆಂಟು ತುಂಬುವ ಮೊದಲು ಈ ಪರೀಕ್ಷೆ ಮಾಡಿಸುವುದಿಲ್ಲ. ತುಂಬಿದ ಮೇಲೂ ಮಾಡಿಸಬೇಕೋ ಬೇಡವೋ ಎಂಬುದು ಅವರ ತೀರ್ಮಾನ, ಮನೆಯ ಹಿರಿಯರದಲ್ಲ.